ಮೂರನೆಯ ದಿಂಬು

ಅಪ್ಪನ ಅಕ್ಕನಿಗೆ, ಅಂದರೆ ನಮ್ಮ ಅತ್ತೆಗೆ, ಬೀದಿಯವರು ಇಟ್ಟಿದ್ದ ಹೆಸರು ‘ಆಮೇಲೆ’. ಯಾರು ಏನೇ ಹೇಳಲಿ, ಅವಳ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ಹಾಲಿನವನು ಸೈಕಲ್ ಚೈನು ತುಂಡಾಯಿತು ಅಂದರೆ, “ಆಮೇಲೆ?” ಎದುರು ಮನೆಯಾಕೆ ಸೊಸೆ ಮಾತು ಬಿಟ್ಟಿದ್ದಾಳೆ ಅಂದರೆ, “ಆಮೇಲೆ?” ಮೂಗು ತೂರಿಸುವವರನ್ನು ಜನ ದೂರ ಇಡುತ್ತಾರೆ. ಅತ್ತೆಯನ್ನು ಮಾತ್ರ ಯಾರೂ ದೂರ ಇಡಲಿಲ್ಲ. ಕೇಳಿದ್ದನ್ನು ಅವಳು ಇನ್ನೊಬ್ಬರ ಮನೆಗೆ ಒಯ್ಯುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಿಳಿಯುವುದಷ್ಟೇ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ, ಯಾರಿಗೆ ಹೆದರುತ್ತಾನೆ, ಯಾವುದನ್ನು ಯಾರಿಗೂ ಕಾಣದ ಹಾಗೆ ಎತ್ತಿಟ್ಟಿದ್ದಾನೆ, ಇದೆಲ್ಲ ಅವಳಿಗೆ ಬೇಕಿತ್ತು.

ಇಂಥವಳಿಗೆ ಯಾವ ಕೆಲಸ ಹೊಂದುತ್ತದೆ ಎಂದು ಮನೆಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರಂತೆ. “ಊರಿನವರ ವಿಷಯವೆಲ್ಲ ಬೇಕು ಅನ್ನೋರಿಗೆ ಸಂಬಳ ಯಾರು ಕೊಡ್ತಾರೆ?” ಅಂತ ತಾತ ರೇಗುತ್ತಿದ್ದನಂತೆ. ಮೊದಲು ದೂರವಾಣಿ ಕೇಂದ್ರಕ್ಕೆ ಸೇರಿಸಿದರು. ಕರೆ ಬಂದಾಗ ಈ ತಂತಿಯನ್ನು ಆ ತೂತಿಗೆ ಸಿಕ್ಕಿಸಿ ಸುಮ್ಮನಿರಬೇಕಾದ ಕೆಲಸ. ಎಂಟು ತಿಂಗಳು ಸುಮ್ಮನಿದ್ದಳು. ಒಂದು ದಿನ ಗಂಡ ಹೆಂಡತಿ ಜಗಳವಾಡುತ್ತಿದ್ದರು. ಹೆಂಡತಿ, “ಹಾಗಾದ್ರೆ ಆ ಪತ್ರ ನಿಮ್ಮಮ್ಮನಿಗೆ ತೋರಿಸಿಬಿಡ್ತೀನಿ” ಅಂದಳು. ಗಂಡ ಮಾತೇ ಆಡಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ. “ಆಮೇಲೆ?” ಅಂದುಬಿಟ್ಟಳು. ಅವತ್ತೇ ಸಂಜೆ ಕೆಲಸ ಹೋಯಿತು. ಮುಂದೆ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂತಳು. ಬಸ್ಸು ಎಷ್ಟು ಹೊತ್ತಿಗೆ ಅಂತ ಜನ ಕೇಳಿದರೆ, ಯಾಕೆ ಹೋಗುತ್ತಿದ್ದೀರಿ ಅಂತ ಇವಳು ಕೇಳುತ್ತಿದ್ದಳು. ಸಾಲು ರಸ್ತೆಗೆ ಬಂತು. ಅಲ್ಲಿಂದಲೂ ಎಬ್ಬಿಸಿದರು.

ಮೂವತ್ತನೆಯ ವಯಸ್ಸಿಗೆ ಅವಳಿಗೆ ತಕ್ಕ ಕೆಲಸ ಸಿಕ್ಕಿತು. ಅದು ಸಾವು ಕೇಳುವ ಕೆಲಸ. ವೈದ್ಯರನ್ನು ಕಾಣದೆ ಮನೆಯಲ್ಲೋ ದಾರಿಯಲ್ಲೋ ತೀರಿಕೊಂಡವರು ಯಾವ ಕಾಯಿಲೆಯಿಂದ ಹೋದರು ಎಂದು ಎಲ್ಲೂ ದಾಖಲೆ ಇರುವುದಿಲ್ಲ. ಅದನ್ನು ತಿಳಿಯಲು ಆರೋಗ್ಯ ಇಲಾಖೆಯಲ್ಲಿ ಒಂದು ಪುಟ್ಟ ಕಚೇರಿ ಇದೆ. ಸಾವಾಗಿ ಆರು ವಾರ ಕಳೆದ ಮೇಲೆ ಅಲ್ಲಿಂದ ಒಬ್ಬರು ನಮೂನೆ ಹಿಡಿದು ಆ ಮನೆಗೆ ಹೋಗುತ್ತಾರೆ. ಆರೈಕೆ ಮಾಡಿದವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಜ್ವರ ಇತ್ತೇ, ಎಷ್ಟು ದಿನ? ಕೆಮ್ಮಿನಲ್ಲಿ ರಕ್ತ ಬಂತೇ? ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತೇ, ತಲೆಗೆ ಎಷ್ಟು ದಿಂಬು ಇಡುತ್ತಿದ್ದರು? ಪಾದ ಊದಿತ್ತೇ, ಮೊದಲು ನೋಡಿದವರು ಯಾರು? ಹೀಗೆ ಹತ್ತು ಪುಟ. ಹನ್ನೊಂದನೆಯ ಪುಟ ಖಾಲಿ. ಅಲ್ಲಿ ಮನೆಯವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು, ಒಂದು ಅಕ್ಷರವನ್ನೂ ತಿದ್ದಬಾರದು. ಕಚೇರಿಯಲ್ಲಿ ಇಬ್ಬರು ವೈದ್ಯರು ಅದನ್ನು ಓದಿ ಸಾವಿನ ಕಾರಣ ಬರೆಯುತ್ತಾರೆ.

ಕೇಳಲು ಹೋದವರಿಗೆ ಎರಡು ಕಟ್ಟಪ್ಪಣೆ. ಉತ್ತರ ಹೇಳುವವರ ಜೊತೆ ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಇನ್ನೊಬ್ಬರಿದ್ದರೆ ಜನ ಮುಚ್ಚಿಡುತ್ತಾರೆ. ಮತ್ತೆ, ಸಲಹೆ ಕೊಡಕೂಡದು. ನೀವು ಡಾಕ್ಟರಲ್ಲ, ಕೇಳಿ, ಬರೆದುಕೊಳ್ಳಿ, ಎದ್ದು ಬನ್ನಿ.

ಉಳಿದವರು ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಅತ್ತೆ ಒಂದೇ ಮನೆ ಮಾಡುತ್ತಿದ್ದಳು. ಸತ್ತವರು ಯಾವ ಕುರ್ಚಿಯಲ್ಲಿ ಕೂರುತ್ತಿದ್ದರು ಎಂದು ಮೊದಲು ಕೇಳಿ ಅದರ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದಳು. ಪೆನ್ನಿನ ಮುಚ್ಚಳ ಅರ್ಧ ಗಂಟೆ ತೆಗೆಯುತ್ತಿರಲಿಲ್ಲ. ಮೇಲಧಿಕಾರಿ ಬೈದು ಬೈದು ಸುಸ್ತಾಗಿ ಕೊನೆಗೆ ಕೈಚೆಲ್ಲಿದ. ಬೇರೆಯವರು ಹೋದರೆ ಬಾಗಿಲು ಹಾಕಿಕೊಳ್ಳುವ ಮನೆಗಳನ್ನೆಲ್ಲ ಇವಳಿಗೇ ಕೊಡುತ್ತಿದ್ದ.

ನಾನು ಬೆಳೆದದ್ದು ಈ ಸಾವುಗಳ ನಡುವೆ. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದಳು, ಅತ್ತೆ ಪೆಟ್ಟಿಗೆ ತಂದು ನಮ್ಮ ಮನೆಯಲ್ಲೇ ಇಳಿದಳು. ಊಟಕ್ಕೆ ಕೂತಾಗ, ಹೆಸರು ಹೇಳದೆ, ಅವತ್ತಿನ ಮನೆಯ ಕಥೆ ಹೇಳುತ್ತಿದ್ದಳು. ನಲವತ್ತು ವರ್ಷ ಬೇಕರಿಯಲ್ಲಿ ಬ್ರೆಡ್ಡು ಸುಟ್ಟ ಒಬ್ಬನಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ, ಅದು ಹೆಂಡತಿಗೆ ತಿಳಿದದ್ದು ಅವನು ಗ್ಯಾಸ್ ಸೋರಿ ಸತ್ತ ಮೇಲೆ. ಇಬ್ಬರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದರು, ಅಣ್ಣ ಸತ್ತಾಗ ಅವನಿಗೆ ಯಾವ ಕಡೆಯ ಹಲ್ಲು ನೋಯುತ್ತಿತ್ತು ಎನ್ನುವುದರವರೆಗೆ ತಮ್ಮನಿಗೆ ಎಲ್ಲ ಗೊತ್ತಿತ್ತು. ನಾನು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, “ಆಮೇಲೆ?” ಅನ್ನುತ್ತಿದ್ದೆ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ. “ಒಬ್ಬಳಿದ್ದಳು, ಈಗ ಇಬ್ಬರಾದ್ರು” ಅನ್ನುತ್ತಿದ್ದ.

ಅಪ್ಪನದು ಬೀಗದ ಕೆಲಸ. ಮುಖ್ಯರಸ್ತೆಯಲ್ಲಿ ಬಾಗಿಲಿನಷ್ಟೇ ಅಗಲದ ಅಂಗಡಿ, ಗೋಡೆ ತುಂಬ ನೇತುಹಾಕಿದ ಕೀಲಿಗಳು. ಅವನಿಗೆ ಮಾತು ಕಡಿಮೆ. “ಅಪ್ಪನ ಬಾಯಿಗೂ ಅವನೇ ಬೀಗ ಮಾಡಿಕೊಂಡಿದ್ದಾನೆ” ಅಂತ ನಾನೂ ಅತ್ತೆಯೂ ನಗುತ್ತಿದ್ದೆವು.

ನನ್ನ ಓದು ಮುಗಿದ ವರ್ಷ ಮನೆಯಲ್ಲಿ ಅದೇ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಇವಳಿಗೆ ಯಾವ ಕೆಲಸ? ನನಗೆ ಬೇಕಾಗಿದ್ದದ್ದು ಯಾವುದೋ ಒಂದು ಅಲ್ಲ, ಎಲ್ಲವೂ. ಹೆರಿಗೆಯ ವಾರ್ಡು ನೋಡಬೇಕು, ಜೈಲು ನೋಡಬೇಕು, ಅಡುಗೆಮನೆ ನೋಡಬೇಕು. ಒಂದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂರುವುದನ್ನು ನೆನೆದರೇ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅತ್ತೆಯ ಕಚೇರಿಯಲ್ಲಿ ಜಾಗ ಖಾಲಿಯಾಗಿದೆ ಎಂದು ಗೊತ್ತಾದಾಗ ಅರ್ಜಿ ತಂದಿಟ್ಟೆ. ಅಪ್ಪ ಒಪ್ಪಲಿಲ್ಲ. “ಒಂದು ಮನೆಗೆ ಒಬ್ಬಳು ಸಾವು ಕೇಳೋಳು ಸಾಕು” ಅಂದ. ಅತ್ತೆ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಆ ನಾಲ್ಕು ತಿಂಗಳಲ್ಲೇ ಅಪ್ಪ ಸಾಯುತ್ತಿದ್ದ.

ನಮ್ಮದು ಮೂರನೆಯ ಮಹಡಿ. ಅಪ್ಪ ಮೇಲೆ ಬರುವಾಗ ಪ್ರತಿ ಮಹಡಿಯಲ್ಲೂ ನಿಂತು ಯಾರದಾದರೂ ಬಾಗಿಲಿನ ಬೀಗವನ್ನು ಬಗ್ಗಿ ನೋಡತೊಡಗಿದ. ತಿರುಪು ಸಡಿಲವಾಗಿದೆ ಅನ್ನುವನು, ತುಕ್ಕು ಹಿಡಿದಿದೆ ಅನ್ನುವನು. ವೃತ್ತಿಯ ಚಟ ಅಂದುಕೊಂಡೆವು. ಒಂದು ದಿನ ಅವನಿಗೆ ಚಪ್ಪಲಿ ತಂದೆ, ಯಾವತ್ತಿನ ಅಳತೆಯದೇ. ಕಾಲು ಹೋಗಲಿಲ್ಲ. ಅಂಗಡಿಗೆ ಹೋಗಿ ಒಂದು ಅಳತೆ ದೊಡ್ಡದನ್ನು ಬದಲಾಯಿಸಿ ತಂದೆ. “ಏನಪ್ಪಾ, ಈ ವಯಸ್ಸಲ್ಲಿ ಕಾಲು ಬೆಳೀತಿದೆಯಾ?” ಅಂದೆ. ಮೂವರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಆ ನಗು ನೆನಪಾದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮಂಚದ ಮೇಲೆ ಎರಡು ದಿಂಬಿಗೆ ಒರಗಿದ್ದ. ನಾನು ಕೆಳಗೆ ಕೂತು ಅರ್ಜಿ ತುಂಬುತ್ತಿದ್ದೆ. ಅತ್ತೆ ಬಟ್ಟೆ ಮಡಚುತ್ತಿದ್ದಳು. ‘ಈ ಕೆಲಸ ನಿಮಗೆ ಯಾಕೆ ಬೇಕು’ ಎನ್ನುವ ಜಾಗಕ್ಕೆ ಬಂದು ಪೆನ್ನು ನಿಂತಿತ್ತು.

“ಅಕ್ಕಾ, ಮಲಗಿದ್ರೆ ಉಸಿರು ಕಟ್ಟಿದ ಹಾಗಾಗುತ್ತೆ ಕಣೇ” ಅಂದ ಅಪ್ಪ.

ಅತ್ತೆ ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕುತ್ತಿಗೆಯನ್ನು ಒಂದಿಷ್ಟು ವಾಲಿಸಿದಳು. ಕೇಳುವಾಗ ಯಾವತ್ತೂ ಹಾಗೇ. “ಆಮೇಲೆ?” ಅಂದಳು.

“ಎದ್ದು ಕೂತ್ರೆ ಸರಿಹೋಗುತ್ತೆ.”

“ಆಮೇಲೆ?”

“ಆಮೇಲೇನು, ಕೂತೇ ಒಂದು ಗಳಿಗೆ ಕಣ್ಣು ಮುಚ್ತೀನಿ. ಮತ್ತೆ ಜಾರಿದ್ರೆ ಮತ್ತೆ ಎಚ್ಚರ.”

ಅಪ್ಪ ಅಷ್ಟು ಮಾತಾಡಿದ್ದೇ ಅಪರೂಪ. ಅತ್ತೆ ತಲೆಯಾಡಿಸುತ್ತ ಪೂರ್ತಿ ಕೇಳಿದಳು, ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಒಳಗೆ ಹೋಗಿ ತನ್ನ ದಿಂಬನ್ನೇ ತಂದು ಅವನ ಬೆನ್ನಿನ ಹಿಂದೆ ಸಿಕ್ಕಿಸಿದಳು. ಮೂರನೆಯದು. “ಈಗ?” ಅಂದಳು. “ಈಗ ಹಾಯಾಗಿದೆ” ಅಂದ. ಅವಳು ಮತ್ತೆ ಬಟ್ಟೆಗೆ ಕೂತಳು. ನಾನು ಅರ್ಜಿಯಲ್ಲಿ ‘ಮನುಷ್ಯರ ಬದುಕಿನ ಬಗ್ಗೆ ತೀರದ ಕುತೂಹಲ’ ಎಂದು ಬರೆದೆ.

ಆ ಭಾನುವಾರದಿಂದ ಹನ್ನೊಂದನೆಯ ದಿನ ಮಧ್ಯಾಹ್ನ ಊಟಕ್ಕೆ ಬರುವಾಗ ಅಪ್ಪ ಎರಡನೆಯ ಮಹಡಿಯಲ್ಲಿ ಒಂದು ಮನೆಯ ಬಾಗಿಲಿಗೆ ಒರಗಿ ಕೂತ. ಆ ಮನೆಯ ಮೇಷ್ಟರು ಹೊರಗೆ ಹೋಗಲೆಂದು ಬಾಗಿಲು ಎಳೆದರೆ ಬಾಗಿಲ ಜೊತೆಗೆ ಅಪ್ಪನೂ ಒಳಕ್ಕೆ ವಾಲಿಬಿದ್ದ. “ಬೀಗ ನೋಡ್ತಿದ್ದಾರೆ ಅಂದ್ಕೊಂಡೆ” ಅಂತ ಮೇಷ್ಟರು ಹೇಳಿದ್ದನ್ನೇ ಹೇಳುತ್ತಿದ್ದರು. ಅಪ್ಪನಿಗೆ ಐವತ್ತೈದು ತುಂಬಿರಲಿಲ್ಲ.

ಮೂರು ದಿನ ನನಗೆ ಏನೂ ಹೊಳೆಯಲಿಲ್ಲ. ನಾಲ್ಕನೆಯ ದಿನ ಮಂಚ ಒರೆಸಲು ಹೋಗಿ ದಿಂಬು ಎತ್ತಿದೆ. ಒಂದು, ಎರಡು, ಮೂರು. ಕೈ ನಿಂತಿತು. ಊಟಕ್ಕೆ ಕೂತಾಗ ಈ ಲೆಕ್ಕವನ್ನು ನಾನು ನೂರು ಸಲ ಕೇಳಿದ್ದೆ. ‘ಎರಡಿತ್ತಂತೆ, ಮೂರಾಯಿತಂತೆ, ಕೊನೆಗೆ ಕೂತೇ ಇರುತ್ತಿದ್ದನಂತೆ’. ಹೃದಯ ಸೋತವರ ಮನೆಗಳ ಕಥೆ ಅದು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ನನಗಿಂತ ಮೊದಲೇ ಎಣಿಸಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ನಿನಗೆ ಗೊತ್ತಿತ್ತು” ಅಂದೆ. “ಊರವರನ್ನೆಲ್ಲ ಕೇಳಿದೆ. ಎಷ್ಟು ದಿಂಬು, ಎಷ್ಟು ದಿಂಬು ಅಂತ. ಇಲ್ಲಿ ನೀನೇ ತಂದಿಟ್ಟೆ!” ಅಂತ ಕಿರುಚಿದೆ. ಅದಾದ ಮೇಲೆ ಒಂದೇ ಮನೆಯಲ್ಲಿದ್ದುಕೊಂಡು ತಿಂಗಳುಗಟ್ಟಲೆ ಅವಳ ಜೊತೆ ಮಾತಾಡಲಿಲ್ಲ. ನನಗೆ ಅವಳ ಮೇಲೆ ಅಂಥ ಸಿಟ್ಟಿತ್ತು. ಚಪ್ಪಲಿಯ ವಿಷಯ ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅಪ್ಪನ ಆ ದೊಡ್ಡ ಚಪ್ಪಲಿ ಬಾಗಿಲ ಪಕ್ಕದ ಹಲಗೆಯ ಮೇಲೇ ಉಳಿಯಿತು.

ಆರು ವಾರಕ್ಕೆ ಕಚೇರಿಯಿಂದ ನಮೂನೆ ಬಂತು. ಬರದೆ ಹೇಗಿರುತ್ತದೆ? ಅಪ್ಪನೂ ವೈದ್ಯರನ್ನು ಕಾಣದೆ ಹೋದವನೇ. ಹಿಡಿದು ಬಂದವಳು ಹೊಸಬಳು, ಅತ್ತೆಯಿಂದಲೇ ಕೆಲಸ ಕಲಿತವಳು. ಚೀಲವನ್ನು ಎದೆಗೆ ಒತ್ತಿಕೊಂಡು, “ಮೇಡಂ, ಬೇರೆ ಯಾರನ್ನಾದ್ರೂ ಕಳಿಸ್ಲಾ?” ಅಂತ ತೊದಲಿದಳು.

“ಆರೈಕೆ ಮಾಡಿದವಳು ನಾನು. ನನ್ನನ್ನೇ ಕೇಳಬೇಕು. ಕೂತ್ಕೋ” ಅಂದಳು ಅತ್ತೆ. ಆಮೇಲೆ ನನ್ನ ಕಡೆ ನೋಡಿ, “ನೀನು ಹೊರಗೆ ಹೋಗು. ನಿಯಮ” ಅಂದಳು.

ಬಾಗಿಲು ಮುಚ್ಚಿತು. ನಾನು ಅಡುಗೆಮನೆಯಲ್ಲಿ ನಲ್ಲಿ ಹಿಡಿದು ನಿಂತೆ. ಒಂದು ಗಂಟೆ ನಲವತ್ತು ನಿಮಿಷ. ಒಂದು ಮಾತೂ ಕೇಳಿಸಲಿಲ್ಲ. ಹೊರಗೆ ಬಂದ ಹೊಸಬಳ ಕಣ್ಣು ಕೆಂಪಾಗಿತ್ತು. ಕಡತವನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದಳು. ಕಡತದ ಮೂಲೆಯಲ್ಲಿದ್ದ ಸಂಖ್ಯೆಯನ್ನು ನೋಡಿ ನೆನಪಿಟ್ಟುಕೊಂಡೆ. ಒಳಗೆ ಅತ್ತೆ ಅಪ್ಪನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಮರುದಿನ ರಾಜೀನಾಮೆ ಬರೆದುಕೊಟ್ಟಳು.

ಅಲ್ಲಿಂದ ಮುಂದೆ ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ಎದುರು ಮನೆಯಾಕೆ ಬಂದು ಸೊಸೆಯ ಪುರಾಣ ತೆಗೆದರೆ ಹೂಂ ಅಂತಲೂ ಅನ್ನುತ್ತಿರಲಿಲ್ಲ. ‘ಆಮೇಲೆ’ ಎನ್ನುವ ಅಡ್ಡಹೆಸರನ್ನು ಬೀದಿಯವರೇ ಕ್ರಮೇಣ ಬಿಟ್ಟರು.

ಆ ಸಲದ ಅರ್ಜಿಯ ಗಡುವು ದಾಟಿಹೋಗಿತ್ತು. ಮರುವರ್ಷ ಮತ್ತೆ ಕರೆದರು, ಮತ್ತೆ ತುಂಬಿದೆ. ಕುತೂಹಲ ಅಂತಲೇ ಬರೆದೆ, ಆದರೆ ಅದು ಅರ್ಧ ಸುಳ್ಳು. ಮನುಷ್ಯರ ಬದುಕನ್ನೆಲ್ಲ ತಿಳಿಯುವ ಹುಚ್ಚು ಅಷ್ಟರಲ್ಲಿ ಇಳಿದಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಮನೆಯ ಕಥೆ. ಮುಚ್ಚಿದ ಬಾಗಿಲ ಹಿಂದೆ ಅತ್ತೆ ಏನು ಹೇಳಿದಳು? ಅಪ್ಪ ಹೇಳಿದ್ದು ಅವಳಿಗೆ ಅರ್ಥವೇ ಆಗಲಿಲ್ಲವೋ, ಅರ್ಥವಾಗಿಯೂ ಸುಮ್ಮನಿದ್ದಳೋ? ಅವಳ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ. ಕೇಳಿದ್ದರೆ ಅವಳು ಚಪ್ಪಲಿಯ ಮಾತು ತೆಗೆಯುತ್ತಿದ್ದಳು ಎನ್ನುವ ಭಯವಿತ್ತು.

ಕೆಲಸ ಸಿಕ್ಕಿತು. ನಮ್ಮದೇ ಮನೆಯ ಕಡತ ನಾವು ನೋಡುವಂತಿಲ್ಲ. ಹಳೆಯ ಕಡತಗಳ ಕೋಣೆಯ ಕೀಲಿ ಗುಮಾಸ್ತನ ಸೊಂಟದಲ್ಲೇ ಇರುತ್ತಿತ್ತು. ಮೂರು ವರ್ಷ ಕಾದೆ. ಈ ವರ್ಷ ಗೋಡೆಗೆ ಬಣ್ಣ ಹೊಡೆಯುವವರು ಬಂದು ಕಡತಗಳನ್ನೆಲ್ಲ ಹೊರಗೆ ರಾಶಿ ಹಾಕಿದ್ದರು. ಬೆಳ್ಳಂಬೆಳಗ್ಗೆ ಹೋಗಿ, ಸಂಖ್ಯೆ ಹಿಡಿದು ಹುಡುಕಿ, ಕದ್ದು ಓದಿದೆ.

ಹತ್ತು ಪುಟದ ಉತ್ತರಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸರಿಯಾಗಿದ್ದವು. ದಿನಾಂಕ, ವಾರ, ಮೆಟ್ಟಿಲು ಹತ್ತುವಾಗ ಎಲ್ಲೆಲ್ಲಿ ನಿಲ್ಲುತ್ತಿದ್ದ. ದಿಂಬು: ಮೂರು. ಪಾದ ಊದಿತ್ತೇ: ಹೌದು. ಮೊದಲು ನೋಡಿದವರು ಯಾರು: ‘ನಾನೇ.’

ಹನ್ನೊಂದನೆಯ ಪುಟದಲ್ಲಿ ಹೊಸಬಳ ದುಂಡಗಿನ ಅಕ್ಷರದಲ್ಲಿ ಅತ್ತೆಯ ಮಾತು ಹಾಗೇ ಇತ್ತು.

‘ನನ್ನ ತಮ್ಮನಿಗೆ ಮಾತು ಕಡಿಮೆ. ಅವತ್ತು ಅವನಾಗೇ ಬಾಯಿ ಬಿಟ್ಟ. ನಾನು ಆಮೇಲೆ ಅಂದೆ. ಹೇಳ್ತಾ ಹೋದ, ಕೇಳ್ತಾ ಕೂತೆ. ಇಪ್ಪತ್ತೇಳು ವರ್ಷ ಇದೇ ಮಾತು ಕೇಳಿದೀನಿ, ಆದ್ರೆ ಕೇಳಿದ್ದೆಲ್ಲ ಸತ್ತವರ ವಿಷಯ. ಕೇಳಿ, ಬರ್ಕೊಂಡು, ಎದ್ದು ಬರೋದು ಅಷ್ಟೇ ಅಭ್ಯಾಸ. ಹೇಳ್ತಿರೋನು ಇನ್ನೂ ಇದ್ದಾನೆ, ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬಹುದು ಅಂತ ನನಗೆ ತೋಚಲೇ ಇಲ್ಲ. ದಿಂಬು ಕೊಟ್ಟೆ. ಹಾಯಾಗಿದೆ ಅಂದ. ಮನೇಲಿ ಅವನ ಮಗಳಿದಾಳೆ. ಅವಳು ಏನೂ ನೋಡಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ಇದನ್ನ ಬರ್ಕೋ. ಬರೆದ್ಯಾ? ಎಲ್ಲಿ, ಓದಿ ಹೇಳು.’

ಒಂದು ತಪ್ಪು ಉತ್ತರ ಕಂಡರೂ ಮತ್ತೆ ಆ ಮನೆಗೆ ನಡೆದು ಹೋಗಿ ಸರಿಪಡಿಸಿಕೊಂಡು ಬರುತ್ತಿದ್ದ ಹೆಂಗಸು ಅವಳು. ಅವಳೇ ನನಗೋಸ್ಕರ ನಮೂನೆಯಲ್ಲಿ ಸುಳ್ಳು ಬರೆಸಿದ್ದಳು. ನಾನು ಆ ಧೂಳಿನ ರಾಶಿಯ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಅವತ್ತು ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದೆ. ಅತ್ತೆ ಅಪ್ಪನ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

“ಕಡತ ಓದಿದೆ ಅತ್ತೆ” ಅಂದೆ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಹೂಂ. ಇವತ್ತಲ್ಲ ನಾಳೆ ಓದ್ತೀಯ ಅಂತ ಗೊತ್ತಿತ್ತು” ಅಂದಳು.

“ಒಂದು ಉತ್ತರ ಸುಳ್ಳು. ಮೊದಲು ನೋಡಿದ್ದು ನಾನು. ಚಪ್ಪಲಿ ತಂದಿದ್ದು ನಾನು.”

“ನೀನು ನೋಡಿದ್ದು ಚಪ್ಪಲಿ” ಅಂದಳು ಅತ್ತೆ. “ಅದಕ್ಕೆ ಒಂದು ವಾರ ಮುಂಚೆ ನಾನು ಅವನ ಕಾಲು ನೋಡಿದ್ದೆ. ಸ್ನಾನ ಮಾಡಿ ಬಂದಾಗ. ಸುಳ್ಳಲ್ಲ ಅದು.”

ಅದು ನಿಜವೋ, ಮತ್ತೊಮ್ಮೆ ನನ್ನನ್ನು ಉಳಿಸಲು ಕಟ್ಟಿದ ಮಾತೋ, ನನಗೆ ತಿಳಿಯಲಿಲ್ಲ. ಕೇಳಲು ಹತ್ತು ಪ್ರಶ್ನೆ ಬಾಯಿಗೆ ಬಂದವು. ನೋಡಿದ್ದರೆ ಯಾಕೆ ನಕ್ಕೆ? ಯಾವ ದಿನ? ಎಷ್ಟು ಹೊತ್ತಿಗೆ? ಕೇಳುವುದು ಈಗ ನನಗೆ ಚೆನ್ನಾಗಿ ಬರುತ್ತದೆ, ಕುತ್ತಿಗೆ ವಾಲಿಸಿ ‘ಆಮೇಲೆ’ ಅಂದರೆ ಸಾಕು, ಅವಳು ಹೇಳಿಬಿಡುತ್ತಿದ್ದಳು.

ಆದರೆ ಅಷ್ಟರಲ್ಲಿ ನನಗೆ ಕಂಡದ್ದು ಬೇರೆ. ಒರಗಲು ಬೆನ್ನ ಹಿಂದೆ ಅವಳದೊಂದು ದಿಂಬು, ಅದರ ಹಿಂದೆ ಮಡಚಿಟ್ಟ ಕಂಬಳಿ. ಕಂಬಳಿ ಯಾವಾಗ ಬಂತು? ನಾನು ಮಂಚದ ಬುಡದಲ್ಲಿ ಕೂತು ಅವಳ ಪಾದ ಹಿಡಿದೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಉಳಿಯಿತು.

ಇಬ್ಬರೂ ಅದನ್ನು ನೋಡಿದೆವು. ಅವಳಿಗೆ ಮೊದಲೇ ಗೊತ್ತಿತ್ತು.

“ಏಳು” ಅಂದೆ. “ಆಸ್ಪತ್ರೆಗೆ ಹೋಗೋಣ.”

“ಎಷ್ಟು ದಿನದಿಂದ ಅಂತ ಕೇಳಲ್ವಾ?”

“ದಾರೀಲಿ ಕೇಳ್ತೀನಿ.”

ಅವಳ ಚಪ್ಪಲಿ ಕಾಲಿಗೆ ಹತ್ತಲಿಲ್ಲ. ಹಲಗೆಯ ಮೇಲಿದ್ದ ಅಪ್ಪನ ಚಪ್ಪಲಿಯ ಧೂಳು ಕೊಡವಿ ಅವಳ ಮುಂದಿಟ್ಟೆ. ಅತ್ತೆ ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ನನ್ನ ಭುಜ ಹಿಡಿದು ಒಂದೊಂದಾಗಿ ಕಾಲು ತೂರಿಸಿದಳು. ಮೂರು ಮಹಡಿ ಇಳಿಯಲು ನಮಗೆ ಅರ್ಧ ಗಂಟೆ ಹಿಡಿಯಿತು.